ಫಾಲ್ ಹಚ್ಚದ ಹಸಿರು ಸೀರೆ

ಬೈಲಹೊಂಗಲದ ಕಡೆ ಗಂಡಸು ‘ನೋಡೂಣು’ ಅಂದರೆ ಅದರ ಅರ್ಥ ಹುಡುಕುತ್ತ ಕೂಡಬಾರದು. ಅದು ಹೂಂ ಅಂದಂತೆಯೂ ಅಲ್ಲ, ಒಲ್ಲೆ ಅಂದಂತೆಯೂ ಅಲ್ಲ. ಮಹಾನಂದಾಗೆ ಇದು ಗೊತ್ತಿಲ್ಲದ್ದೇನಲ್ಲ; ರಾಮದುರ್ಗದಲ್ಲಿ ಅವಳ ಅಪ್ಪನೂ ಇದೇ ಮಾತು ಆಡುತ್ತ ಅರ್ಧ ಆಯುಷ್ಯ ಕಳೆದಿದ್ದ. ಆದರೂ ಗಂಡನ ಬಾಯಿಂದ ಬಂದಾಗ ಅವಳು ಅರ್ಥ ಹುಡುಕಿಯೇ ಹುಡುಕುತ್ತಿದ್ದಳು. ಮದುವೆಯಾಗಿ ವರ್ಷ ತುಂಬದ ಹೆಂಡತಿಯ ಹಣೆಬರಹವೇ ಅದು.

“ರೀ, ರೇಣು ಮತ್ತ ಫೋನ್ ಮಾಡಿದ್ಳಲ್ಲ. ಮದುವಿಗೆ ಹೋಗೂದೋ, ಬಿಡೂದೋ?”

ಭೀಮಶಿ ಮಗಳು ಶಟ್ಟೆವ್ವನ ಬಾಯಿಗೆ ಹಾಲು-ರೊಟ್ಟಿಯ ತುತ್ತು ಇಡುತ್ತಿದ್ದ. ತಲೆ ಎತ್ತಲಿಲ್ಲ.

“ನೋಡೂಣು.”

ಮದುವೆ ಕಿತ್ತೂರಿನಲ್ಲೋ ಸವದತ್ತಿಯಲ್ಲೋ ಇದ್ದಿದ್ದರೆ ನೋಡಲು ಏನೂ ಇರಲಿಲ್ಲ, ಬಸ್ ಹತ್ತಿದರಾಯಿತು. ಇದು ಮಸ್ಕತ್ತಿನಲ್ಲಿ. ರೇಣು ಅಲ್ಲಿ ನರ್ಸ್, ಹುಡುಗ ಕೊಲ್ಹಾಪುರದವನು, ಅಲ್ಲೇ ನೌಕರಿ. ಇಬ್ಬರಿಗೂ ಒಟ್ಟಿಗೆ ರಜೆ ಸಿಗದೆ ಮದುವೆ ಅಲ್ಲಿಯ ಗುಡಿಯಲ್ಲೇ ಅಂತ ನಿಕ್ಕಿಯಾಗಿತ್ತು. ಗೋವಾಕ್ಕೆ ಹೋಗಿ ವಿಮಾನ ಹತ್ತಬೇಕು. ಕೈಯಲ್ಲಿ ಐದು ವರ್ಷದ ಅಪ್ಪು, ಕಂಕುಳಲ್ಲಿ ಎರಡು ದಾಟಿದ ಶಟ್ಟೆವ್ವ.

ಇದೆಲ್ಲ ಹೊರಗಿನ ತೊಡಕು. ಒಳಗಿನ ತೊಡಕೇ ಬೇರೆ. ರೇಣು ಭೀಮಶಿಯ ಮೊದಲ ಹೆಂಡತಿ ಮಂಜುಳಾಳ ಒಡಹುಟ್ಟಿದ ತಂಗಿ. ಶಟ್ಟೆವ್ವ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಮಂಜುಳಾ ಜ್ವರ ಬಂದು ತೀರಿಕೊಂಡಿದ್ದಳು. ಆ ಮನೆಯ ಮದುವೆಗೆ ಮಹಾನಂದಾ ಹೋಗುವುದಾದರೆ ಏನಂತ ಹೋಗುವುದು? ಹುಡುಗರನ್ನು ನೋಡಿಕೊಳ್ಳುವ ಆಯಾ ಅಂತಲೋ? ‘ಈಕಿ ಯಾರು’ ಅಂತ ಯಾರಾದರೂ ಕೇಳಿದಾಗ ಭೀಮಶಿ ‘ನನ್ನ ಹೆಂಡತಿ’ ಅನ್ನುತ್ತಾನೋ, ‘ಹುಡುಗೂರ ಸಂಗಾಟ ಬಂದಾಳ’ ಅನ್ನುತ್ತಾನೋ? ಅವಳಿಗೆ ವಿಮಾನ ಬೇಕಾಗಿರಲಿಲ್ಲ. ಆ ಒಂದು ಮಾತು ಬೇಕಾಗಿತ್ತು.

ರೇಣು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮಹಾನಂದಾ ಹಿತ್ತಲಿಗೆ ಸರಿದುಬಿಡುತ್ತಿದ್ದಳು. ಅಕ್ಕನ ಮನೆಯಲ್ಲಿ ತನ್ನ ಮುಖ ಕಂಡರೆ ಆ ಹುಡುಗಿಗೆ ಹೇಗನ್ನಿಸೀತು ಅಂತ. ಹಿತ್ತಲಿಗೆ ಕೇಳುತ್ತಿದ್ದದ್ದು “ಮಾಮಾ, ಹುಡುಗೂರನ್ನ ಕರಕೊಂಡ ಬರಾಕ ಬೇಕು” ಅನ್ನುವುದಷ್ಟೇ. ತನ್ನ ಹೆಸರು ಒಮ್ಮೆಯೂ ಕೇಳಿರಲಿಲ್ಲ.

ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಭೀಮಶಿ ಅವಳದನ್ನೂ ಮಾಡಿಸಿದ್ದ. ಬೆಳಗಾವಿಗೆ ಕರೆದುಕೊಂಡು ಹೋಗಿ, ಫೋಟೋ ತೆಗೆಯುವ ಮುಂಚೆ “ಕುಂಕುಮ ಸ್ವಲ್ಪ ಸೊಟ್ಟ ಆಗೇತಿ” ಅಂತ ತಾನೇ ಬೆರಳಿನಿಂದ ಸರಿ ಮಾಡಿದ್ದ. ಮಾಡಿದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದ್ದರು. ಇಂಥವನು ಈಗ ‘ನೋಡೂಣು’ ಅನ್ನುತ್ತಾನೆ. ತಲೆ ಕೆಡದೆ ಇನ್ನೇನು?

ಓಣಿಯ ಯಲ್ಲವ್ವ ಬೇರೆ ಬಂದು ಬೆಂಕಿಗೆ ಎಣ್ಣೆ ಹೊಯ್ದಳು. “ವಿಮಾನದಾಗ ಕೂಸಿನ ಕಿವಿ ನೋಯತಾವಂತ. ಅತ್ತರ ಇಳಸಾಕ ಬರತೈತೇನ? ಅದೇನ ನಮ್ಮ ಸವದತ್ತಿ ಬಸ್ಸ?”

ಹಾಗಾದರೆ ಸವದತ್ತಿ ಬಸ್ಸಿನಲ್ಲೇ ಮೊದಲು ನೋಡಿಬಿಡೋಣ ಅಂತ ಮಹಾನಂದಾಗೆ ಹೊಳೆಯಿತು. ರವಿವಾರ ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕೈಮುಗಿದಂತೆಯೂ ಆಯಿತು, ಹುಡುಗರ ಪರೀಕ್ಷೆಯೂ ಆಯಿತು.

ಹುಡುಗರು ಫೇಲಾದರು. ಅರ್ಧ ದಾರಿಯಲ್ಲಿ ಅಪ್ಪು ಅಪ್ಪನ ಅಂಗಿಯ ಮೇಲೆ ತಿಂದದ್ದನ್ನೆಲ್ಲ ಕಕ್ಕಿದ. ಶಟ್ಟೆವ್ವ ಮುಂದಿನ ಸೀಟಿನ ಅಜ್ಜನ ರುಮಾಲು ಎಳೆದು, ಅಜ್ಜ ಗದರಿಸಿದ ಕೂಡಲೇ ಕಿಟಾರನೆ ಕಿರುಚಿ, ಆಮೇಲೆ ಮಹಾನಂದಾಳ ಹೆಗಲ ಮೇಲೆ ಸತ್ತಂತೆ ನಿದ್ದೆ ಹೋದಳು. ಭೀಮಶಿ ಅಂಗಿ ಬಿಚ್ಚಿ ಮುದ್ದೆ ಮಾಡಿ ಬನಿಯನ್ನಿನಲ್ಲೇ ಗಂಭೀರವಾಗಿ ಕುಳಿತ. ಊರ ಹಿರಿಯನೊಬ್ಬ ಪಂಚಾಯಿತಿಗೆ ಬಂದು ಕೂತ ಠೀವಿ. ಅದನ್ನು ನೋಡಿ ಮಹಾನಂದಾಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಭುಜ ಕುಣಿಯಿತು.

“ನಗತಿ ಏನ?”

“ಇಲ್ರಿ.”

“ಕಣ್ಣಾಗ ನೀರ ಬಂದಾವ, ಇಲ್ರಿ ಅಂತಿ.”

ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಇನ್ನೂ ಅವಳನ್ನೇ ನೋಡುತ್ತಿದ್ದ. ಮೊದಲು ಕಿವಿಯ ಹತ್ತಿರದ ಕೂದಲು, ಆಮೇಲೆ ನಗು ಇನ್ನೂ ಆರದ ಕೆನ್ನೆ. ಗಾಜಿನಲ್ಲಿ ಅವಳ ಕಣ್ಣು ತನ್ನನ್ನು ಹಿಡಿದದ್ದು ಗೊತ್ತಾದದ್ದೇ ತಡ, ಅವನು ಗಡಬಡಿಸಿ ಬಸ್ಸಿನ ಸೂರು ನೋಡತೊಡಗಿದ. ಈಗ ಕೇಳಿದರೆ ಹೇಳಿಯಾನು ಅಂತ ಮಹಾನಂದಾಗೆ ಅನ್ನಿಸಿತು.

ಗುಡ್ಡದ ಬುಡದ ಉಗರಗೋಳದಲ್ಲಿ ಇಳಿದು ಅಂಗಡಿಯೊಂದರ ನೆರಳಿನಲ್ಲಿ ಅಪ್ಪುವಿನ ಮುಖ ತೊಳೆಸುತ್ತ ಕೇಳಿಯೇಬಿಟ್ಟಳು. “ಮದುವಿಗೆ ನಾ ಬರ್ಲೇನ್ರಿ?”

ಭೀಮಶಿ ಬಹಳ ಹೊತ್ತು ಚಪ್ಪಲಿಯ ಬಾರು ಸರಿಮಾಡಿಕೊಂಡ.

“ಬ್ಯಾಡ ಬಿಡು. ಹುಡುಗೂರೂ ಬ್ಯಾಡ. ನಾ ಒಬ್ಬಾಂವ ಹೋಗಿ ಅಕ್ಕಿಕಾಳ ಹಾಕಿ ಬರತೇನಿ.”

ಬಸ್ಸಿನಲ್ಲಿ ಅರಳಿದ್ದೆಲ್ಲ ಮುದುಡಿತು. ಗುಡ್ಡದ ಮೇಲೆ ದೇವಿಗೆ ಏನು ಬೇಡಿಕೊಳ್ಳಬೇಕೆಂಬುದೂ ತೋಚಲಿಲ್ಲ. ಸುಮ್ಮನೆ ಕೈಮುಗಿದು ಬಂದಳು.

ಮರುದಿನ ಗಂಡ ಅಂಗಡಿಗೆ ಹೋದ ಮೇಲೆ ಅಪ್ಪುವಿನ ಸ್ವೆಟರ್ ಹುಡುಕಲು ಕಪಾಟಿನ ಮೇಲಿನ ಟ್ರಂಕು ಇಳಿಸಿದಳು. ಅವನ ಹಳೆಯ ಪ್ಯಾಂಟುಗಳ ಕೆಳಗೆ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಎಲೆಹಸಿರು ರೇಷ್ಮೆ ಸೀರೆ, ಬೆರಳಗಲ ಜರಿ ಅಂಚು.

ಮಂಜುಳಾಳ ಸೀರೆ. ಬೇರೆ ಯಾರದು ಇರಲು ಸಾಧ್ಯ? ಎತ್ತಿಟ್ಟಿದ್ದಾನೆ, ತಾನಿಲ್ಲದಾಗ ತೆಗೆದು ನೋಡುತ್ತಾನೆ. ಸತ್ತವಳ ಮೇಲೆ ಸಿಟ್ಟು ಮಾಡಬಾರದು ಅಂತ ಅವಳಿಗೆ ಗೊತ್ತಿತ್ತು, ಆದರೂ ಸಿಟ್ಟು ಬಂತು. ಸಿಟ್ಟಿನ ಹಿಂದೆ ಅಳು ಬಂತು. ‘ನನ್ನನ್ನ ಯಾಕ ತಂದ್ಯೋ ಮಾರಾಯಾ’ ಅಂತ ಟ್ರಂಕಿನ ಮುಂದೆ ಕೂತು ಅತ್ತಳು.

ಅಳುತ್ತಲೇ ಸೀರೆ ಮಡಚಿಡಲು ಹೋದಳು, ಆಗ ಕೈ ನಿಂತಿತು. ಮಹಾನಂದಾ ಪೇಟೆಯ ಸೀರೆ ಅಂಗಡಿಗೆ ಫಾಲ್, ಪಿಕೋ ಮಾಡಿಕೊಡುವವಳು. ಕಣ್ಣು ಸುಳ್ಳು ಹೇಳಿದರೂ ಬೆರಳು ಹೇಳುವುದಿಲ್ಲ. ಈ ಸೀರೆಗೆ ಫಾಲ್ ಹಚ್ಚಿರಲಿಲ್ಲ. ಕುಪ್ಪಸದ ಬಟ್ಟೆ ಇನ್ನೂ ಸೀರೆಯ ತುದಿಯಲ್ಲೇ ಇತ್ತು, ಕತ್ತರಿಸಿರಲಿಲ್ಲ. ಇದನ್ನು ಯಾರೂ ಉಟ್ಟಿಲ್ಲ. ಚೀಲದ ತಳದಲ್ಲಿ ಒಂದು ಅರಿಶಿನ ಕೊಂಬು, ಒಣಗಿದ ಎಲೆ-ಅಡಿಕೆ.

ಇದು ಉಡಿಯ ಸಾಮಾನು. ಮುತ್ತೈದೆಯ ಮಡಿಲಿಗೆ ಮುತ್ತೈದೆ ತುಂಬುವಂಥದ್ದು. ಗಂಡನ ಪ್ಯಾಂಟಿನ ಕೆಳಗೆ ಇದಕ್ಕೇನು ಕೆಲಸ?

ಹುಡುಗರನ್ನು ಯಲ್ಲವ್ವನ ಹತ್ತಿರ ಬಿಟ್ಟು, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಚೀಲ ಹಿಡಿದು ಅಂಗಡಿಗೆ ನಡೆದಳು. ಭೀಮಶಿಯದು ಸುಟ್ಟ ನೀರಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಅವಳನ್ನು ಕಂಡು ಮುಖ ಅರಳಿತು, ಚೀಲ ಕಂಡು ಬಾಡಿತು.

“ಯಾರ ಸೀರಿ ಇದು?”

ತಾಮ್ರದ ತಂತಿ ಸುತ್ತುತ್ತಿದ್ದ ಕೈ ನಿಂತಿತು.

“ನೋಡೂಣು ಅಂದ್ರ ನಾ ಇವತ್ತ ಇಲ್ಲಿಂದ ಏಳಂಗಿಲ್ಲ ಮತ್ತ.”

“ನಿಂದು,” ಅಂದ.

“ನಂದ? ನನಗ ಯಾರ ಕೊಟ್ರು?”

“ಪದ್ಮವ್ವತ್ತಿ.”

ಪದ್ಮವ್ವ ಮಂಜುಳಾಳ ತಾಯಿ, ಸಂಪಗಾಂವದವಳು. ಹೋದ ತಿಂಗಳು ಭೀಮಶಿ ಹುಡುಗರನ್ನು ಅಜ್ಜಿಗೆ ತೋರಿಸಿಕೊಂಡು ಬರಲು ಹೋದಾಗ ಅವಳು ಈ ಚೀಲ ಕೈಗಿಟ್ಟಿದ್ದಳು. ಲಗ್ನದಲ್ಲಿ ಮದುಮಗಳ ಹಿಂದೆ ಕಳಸ ಹಿಡಿದು ನಿಲ್ಲಬೇಕಾದವಳು ಅಕ್ಕ. ಇದ್ದೊಬ್ಬ ಅಕ್ಕ ಹೋದಳು. ಇನ್ನು ಆ ಮನೆಗೆ ಬಂದವಳೇ ರೇಣುಗೆ ಅಕ್ಕ, ಇದನ್ನು ಉಟ್ಟುಕೊಂಡು ಬಂದು ಕಳಸ ಹಿಡಿಯಲಿ ಅಂದಿದ್ದಳು.

“ಇದನ್ನ ನೀವು ಪ್ಯಾಂಟಿನ ಕೆಳಗ ಮುಚ್ಚಿಟ್ರಿ,” ಅಂದಳು ಮಹಾನಂದಾ.

“ಅಲ್ಲೆ ಹೂಂ ಅಂದೆ. ದಾರ್ಯಾಗ ಬರ್ತ ಬರ್ತ ತಪ್ಪ ಮಾಡಿದೆ ಅನ್ನಿಸ್ತು.” ಭೀಮಶಿ ತಂತಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ನೀ ಬಂದಾಗಿಂದ ಆಕಿ ಬಿಟ್ಟ ಹೋದದ್ದನ್ನ ಮಾಡಾಕ ಹತ್ತಿ. ಆಕಿ ಹುಡುಗೂರು, ಆಕಿ ಒಲಿ, ಆಕಿ ಮನಿ. ಇನ್ನ ಆಕಿ ಹಿಡಿಯೂ ಕಳಸಾನೂ ಹಿಡಿ ಅಂತ ಯಾವ ಬಾಯಿಲೆ ಹೇಳ್ಲಿ? ನೀ ನನ್ನ ಮುಖಾ ನೋಡಿ ಹೂಂ ಅಂತಿದ್ದಿ, ಒಳಗ ನೊಂದಕೋತಿದ್ದಿ. ಒಂದ ಕಡೆ ಆದ್ರೂ ನಿನ್ನನ್ನ ಬರೇ ಮಹಾನಂದಾ ಅಂತ ನೋಡ್ಲಿ ಮಂದಿ ಅಂತ ಬ್ಯಾಡ ಅಂದೆ.”

“ನಾ ಏನ ತಿಳಕೊಂಡಿದ್ದೆ ಗೊತ್ತೇನ್ರಿ? ನನ್ನನ್ನ ಹೆಂಡತಿ ಅಂತ ಹೇಳಾಕ ನಿಮಗ ನಾಚಿಕಿ ಅಂತ.”

ಅವನು ದಂಗಾಗಿ ನೋಡಿದ. ಈ ಸಲ ಕಣ್ಣು ಸೂರಿನ ಕಡೆ ಓಡಲಿಲ್ಲ.

“ಹುಡುಗೂರ ಸಲುವಾಗಿ ಮದಿವಿ ಆದೆ, ಖರೆ. ಸುಳ್ಳ ಯಾಕ ಹೇಳ್ಲಿ? ಈಗ ಹಂಗಿಲ್ಲ. ಬುತ್ತಿ ಬರೂ ಹೊತ್ತಿಗೆ ರಸ್ತೆ ನೋಡಕೋತ ಕುಂಡರತೇನಿ. ಹಸದ ಅಲ್ಲ. ಮೋಟರ್ ತರೂ ಮಂದಿ ನಗತಾರ ನನಗ.”

ಇಷ್ಟು ದಿನ ಒಂದು ಮಾತಿಗೆ ಕಾದವಳಿಗೆ ಇಷ್ಟೊಂದು ಒಟ್ಟಿಗೆ ಬಂದರೆ ಎಲ್ಲಿ ಇಟ್ಟುಕೊಳ್ಳುವುದು? ಬುತ್ತಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

“ಉಡಿ ಸೀರಿ ಗಂಡಸರ ಕೈಯಾಗ ಯಾರರ ಕಳಸ್ತಾರೇನ್ರಿ? ಅವರೂ ಕೊಟ್ರು, ನೀವೂ ತಂದ್ರಿ.”

“ನೀವ ಬಂದ ತುಂಬ್ರಿ ಅಂದೆ. ಆ ಹೊಸ್ತಲಾ ದಾಟೂ ಧೈರ್ಯ ಇಲ್ಲ ಅಂದ್ರು.”

ಮಹಾನಂದಾಳ ಹುರುಪು ಒಂದು ಕ್ಷಣ ಇಳಿಯಿತು. ಮಗಳ ಒಲೆಯ ಮುಂದೆ ಇನ್ನೊಬ್ಬಳನ್ನು ನೋಡಬೇಕಾದ ತಾಯಿ. ತಾನು ಹಿತ್ತಲಿಗೆ ಸರಿಯುತ್ತಿದ್ದಂತೆ ಅವಳೂ ಸರಿದಿದ್ದಾಳೆ.

“ಉಣ್ರಿ ಲಗೂನ,” ಅಂದಳು. “ಅಂಗಡಿ ಬಂದ ಮಾಡ್ರಿ. ಸಂಪಗಾಂವಕ್ಕ ಹೋಗೂಣು.”

ಯಲ್ಲವ್ವನ ಹತ್ತಿರವಿದ್ದ ಹುಡುಗರನ್ನೂ ಹತ್ತಿಸಿಕೊಂಡು ಬೈಕಿನ ಮೇಲೆ ನಾಲ್ವರೂ ಹೋದರು. ಪದ್ಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಎದ್ದಳು. ಮೊಮ್ಮಕ್ಕಳನ್ನು ಬಾಚಿಕೊಂಡಳು, ಆಮೇಲೆ ಮಹಾನಂದಾಳ ಕೈಯಲ್ಲಿನ ಚೀಲ ನೋಡಿದಳು.

“ತಿರಗಿ ಕೊಡಾಕ ಬಂದ್ಯೇನವಾ? ತಪ್ಪ ತಿಳಕೊಳ್ಳಂಗಿಲ್ಲ ಬಿಡು. ತಿಂಗಳಾತು, ಮಾತ ಬರಲಿಲ್ಲ. ಒಲ್ಲೆ ಅಂದಿರಬೇಕ ಅಂತ ರೇಣುಗೂ ಹೇಳೇನಿ.”

“ಇಲ್ಲವಾ. ನಿಮ್ಮ ಕೈಲೆ ತುಂಬಸ್ಕೊಳ್ಳಾಕ ಬಂದೇನಿ.” ಮಹಾನಂದಾ ಸೆರಗು ಸರಿಮಾಡಿಕೊಂಡಳು. “ಆದ್ರ ನಾ ಮಂಜುಳಕ್ಕ ಆಗಾಕ ಬರಂಗಿಲ್ರಿ. ಮಹಾನಂದಾ ಆಗೇ ಕಳಸ ಹಿಡಿತೇನಿ. ನಡಿತೈತೇನ್ರಿ?”

ಪದ್ಮವ್ವ ತಿರುಗಿ ಒಳಗೆ ಹೋದಳು. ಅವಳು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಹೊರಬಂದಾಗ ಕಣ್ಣು ಒದ್ದೆಯಾಗಿದ್ದವು.

“ನಡಿತೈತಿ ಯವ್ವಾ. ಕುಂಡರು, ಮಂಜು…” ನಾಲಿಗೆ ತಪ್ಪಿತು. ಬಾಯಿಗೆ ಸೆರಗು ಹಿಡಿದಳು.

“ಇರ್ಲಿ,” ಅಂದಳು ಮಹಾನಂದಾ, ಮಡಿಲು ಒಡ್ಡಿ ಕುಳಿತು. “ರೂಢಿ ಆಗತೈತಿ.”

ಅಕ್ಕಿ ಮಡಿಲಿಗೆ ಬಿತ್ತು. ಶಟ್ಟೆವ್ವ ತಾನೂ ಒಂದು ಹಿಡಿ ಹಾಕಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದಳು. ಯಾರೂ ಗದರಲಿಲ್ಲ. ಪದ್ಮವ್ವ ಹಣೆಗೆ ಕುಂಕುಮ ಹಚ್ಚಿದಳು. ಅದು ಸ್ವಲ್ಪ ಸೊಟ್ಟಾಯಿತು. ಭೀಮಶಿ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದ. ಮಹಾನಂದಾಗೆ ಅವನ ಬೆರಳು ತುಡಿಯುತ್ತಿದ್ದದ್ದು ಕಂಡಿತು. ಅವಳು ಕಣ್ಣಲ್ಲೇ ‘ಮನಿಗೆ ಹೋದ ಮ್ಯಾಲೆ’ ಅಂದಳು. ಅವನ ಕಿವಿ ಕೆಂಪಾದವು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಬಂದದ್ದೇ ಮಹಾನಂದಾ ಚಾಪೆ ಹಾಸಿ ಹಸಿರು ಸೀರೆ ಬಿಚ್ಚಿದಳು. ಅಷ್ಟರಲ್ಲಿ ರೇಣುವಿನ ಕಾಲ್ ಬಂತು. ಈ ಸಲ ಅವಳು ಹಿತ್ತಲಿಗೆ ಹೋಗಲಿಲ್ಲ.

“ಅಕ್ಕಾ,” ಅಂತ ಆ ಕಡೆಯಿಂದ ಅಳು-ನಗು ಕೂಡಿದ ದನಿ. “ಅವ್ವ ಹೇಳಿದ್ಳು. ಖರೇ ಬರ್ತೀರೇನ್ರಿ? ಆ ಹುಡುಗೂರನ್ನ ಕಟಕೊಂಡು?”

ಮಹಾನಂದಾ ಹುಡುಗರನ್ನು ನೋಡಿದಳು. ಅಪ್ಪು ಬೈಕಿಗೇ ಸುಸ್ತಾಗಿ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ. ಶಟ್ಟೆವ್ವ ಸೀರೆಯ ಮೇಲೆ ಉರುಳಾಡುತ್ತಿದ್ದಳು. ಆಕಾಶದಲ್ಲಿ ಇವರು ಏನು ಅವತಾರ ಮಾಡುತ್ತಾರೋ, ಕಿವಿ ನೋಯುತ್ತದೋ, ಯಾರ ರುಮಾಲು ಎಳೆಯುತ್ತಾರೋ, ಒಂದೂ ಬಗೆಹರಿದಿರಲಿಲ್ಲ.

“ನೋಡೂಣು,” ಅಂದಳು, ಗಂಡನ ಕಡೆ ಓರೆಗಣ್ಣು ಬಿಟ್ಟು.

ಭೀಮಶಿ ಫೋನ್ ಇಸಿದುಕೊಂಡ. “ನಾಕೂ ಮಂದಿ ಬರತೇವಿ, ರೇಣು. ನಾ, ಹುಡುಗೂರು, ನನ್ನ ಹೆಂಡತಿ.”

ಸೂಜಿಗೆ ಹಸಿರು ದಾರ ಪೋಣಿಸುತ್ತಿದ್ದ ಮಹಾನಂದಾಗೆ ತೂತು ಕಾಣದಾಯಿತು. ಕಣ್ಣು ಒರೆಸಿಕೊಂಡು ಮತ್ತೆ ಪೋಣಿಸಿದಳು. ಫಾಲಿನ ಪಟ್ಟಿಯನ್ನು ಅಂಚಿಗೆ ಇಟ್ಟು, ಸೀರೆಯ ಇನ್ನೊಂದು ತುದಿಯನ್ನು ಅವನ ಕಡೆ ಎಸೆದಳು.

“ಬಿಗಿ ಹಿಡೀರಿ. ಸುಕ್ಕ ಬೀಳತೈತಿ.”

ಅವನು ಹಿಡಿದುಕೊಂಡ.