ಲಗತ್ತು ನಲವತ್ತೊಂದು

"ಮೇಲಿನ ಸಾರಾಂಶ ಓದಿ ಖುಷಿಪಡ್ಬೇಡಿ, ಎಂಪಿ ಮೇಡಂ. ಕೆಳಗಿರೋ ಲಗತ್ತುಗಳನ್ನ ಓದಿ. ನಿಜ ಇರೋದು ಅಲ್ಲೇ."

ಮೊದಲ ದಿನವೇ ಹಾಗೆ ಹೇಳಿ, ಸಂಸತ್ತಿನ ವೆಬ್‌ಸೈಟ್ ನೋಡಲು ಕಲಿಸಿದವನು ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನ ಗುಮಾಸ್ತ. ನಾನು ಹೆರಿಗೆ ವಾರ್ಡಿನ ನರ್ಸ್. ಎಂಪಿ ಎಂಬುದು ಅವನಿಟ್ಟ ಹೆಸರು. ಅನುಭವವಿರುವ ನರ್ಸುಗಳು ಸ್ವಂತ ಹೆರಿಗೆಮನೆ ತೆರೆಯಬಹುದು ಎಂಬ ಮಸೂದೆಯೊಂದು ಸಂಸತ್ತಿನ ಮುಂದಿತ್ತು. ಅದು ಪಾಸಾದರೆ ಈ ಕೆಲಸ ಬಿಟ್ಟು, ಅಕ್ಕನ ಊರಿನಲ್ಲಿ ನನ್ನದೇ ಬೋರ್ಡು ಹಾಕಬೇಕೆಂಬುದು ಹನ್ನೊಂದು ವರ್ಷದ ಆಸೆ.

ದಿನವೂ ಊಟದ ಬಿಡುವಿನಲ್ಲಿ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮಸೂದೆಯ ನಂಬರ್ ಒತ್ತುತ್ತಿದ್ದೆ.

"ಇನ್ನೂ ಸಮಿತಿಯಲ್ಲೇ ಕೂತಿದೆ."

"ಒಳ್ಳೇದಾಯ್ತು. ನಾಳೆನೂ ಬರ್ತೀರಲ್ಲ."

ಹೇಳಿದವನೇ ತಲೆ ಬಗ್ಗಿಸಿ ಫೈಲಿನ ದಾರ ಬಿಗಿದ. ಕಿವಿ ಕೆಂಪಗಾಗಿತ್ತು. ಮೌಸಿನ ಮೇಲೆ ಕೈಗೆ ಕೈ ತಾಗಿದರೆ ತೆಗೆಯುವ ಆತುರ ನನಗೂ ಇರಲಿಲ್ಲ. ನನ್ನ ಕೈ ತಪ್ಪಿದ ಒಂದೇ ಹೆರಿಗೆಯ ಕಥೆಯನ್ನು ಅವನೊಬ್ಬನಿಗೇ ಹೇಳಿ ಅತ್ತಿದ್ದೆ. ಡಾಕ್ಟರನ್ನು ಕರೆಯಲು ಇಪ್ಪತ್ತು ನಿಮಿಷ ತಡಮಾಡಿದ್ದೆ. ತಾಯಿ ಹೇಗೋ ಉಳಿದಳು.

ಸಮಿತಿಯ ವರದಿ ಬಂದಾಗ ಅವನು ಫೈಲು ಕೊಡಲು ಮೇಲಿನ ಮಹಡಿಗೆ ಹೋಗಿದ್ದ. ಮಸೂದೆಗೆ ಒಪ್ಪಿಗೆ ಎಂದಿತ್ತು ಸಾರಾಂಶ. ಗುರುವಿನ ಮಾತು ಮೀರದೆ ಪುಟದ ಕೆಳಭಾಗಕ್ಕೆ ಇಳಿದೆ. ಸ್ವಂತ ಹೆರಿಗೆಮನೆಯ ಕಲಮನ್ನೇ ಕೈಬಿಟ್ಟಿದ್ದರು. ಕಾರಣಗಳಲ್ಲಿ ಮೊದಲನೆಯದು ಸಾರ್ವಜನಿಕರೊಬ್ಬರ ಪತ್ರ, ಲಗತ್ತು ನಲವತ್ತೊಂದು.

ತೆರೆದೆ. ಇಪ್ಪತ್ತು ನಿಮಿಷ ತಡವಾದ ಹೆರಿಗೆಯೊಂದು ಅಲ್ಲಿತ್ತು. ಇಂಥವರ ಕೈಗೆ ಹೆರಿಗೆಮನೆ ಕೊಡಬಾರದು ಎಂದಿತ್ತು. ಕೆಳಗೆ ಅವನ ಸಹಿ.

ತಲೆ ಎತ್ತಿದರೆ ಬಾಗಿಲಲ್ಲಿ ಅವನೇ ನಿಂತಿದ್ದ.

"ನಿಮ್ಮ ಹೆಸರು ಎಲ್ಲೂ ಹಾಕಿಲ್ಲ," ಅಂದ.

"ಯಾಕೆ ಬರೆದ್ರಿ?"

"ಪಾಸಾದ್ರೆ ನೀವು ಹೋಗ್ಬಿಡ್ತಿದ್ರಿ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ."

ಈ ಮಾತಿಗಾಗಿ ಎಂಟು ತಿಂಗಳು ಕಾದಿದ್ದೆ. ಬಂದದ್ದು ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ.

"ಇದನ್ನ ನಂಗೆ ಹೇಳಿದ್ರೆ ಸಾಕಿತ್ತು. ನಿಮ್ಮನ್ನೂ ಕರ್ಕೊಂಡೇ ಹೋಗ್ತಿದ್ದೆ. ಸಂಸತ್ತಿಗೆ ಯಾಕೆ ಹೇಳೋಕೆ ಹೋದ್ರಿ?"

ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟು ವಾರ್ಡಿಗೆ ಹೋದೆ.

ಮಸೂದೆ ಆ ಕಲಮಿಲ್ಲದೆಯೇ ಪಾಸಾಯಿತು. ಅವನಿಗೆ ಬೇಕಾಗಿದ್ದೇ ಆಯಿತು. ನಾನು ಎಲ್ಲಿಗೂ ಹೋಗಲಿಲ್ಲ. ರೆಕಾರ್ಡ್ ರೂಮಿನಿಂದ ಫೈಲು ಬೇಕಾದಾಗ ಚೀಟಿ ಬರೆದು ಆಯಾಳ ಕೈಯಲ್ಲಿ ಕಳಿಸುತ್ತೇನೆ.