ಹದಿನೆಂಟು ಸಹಿ

“ಒಂದರ ಕೊಳತಿದ್ರ ತೋರಸ್ರಿ ಟೀಚರ!”

ನಾಲ್ಕು ತಿಂಗಳಿಂದ ಬಾಗಿಲಲ್ಲೇ ತತ್ತಿ ಕೊಟ್ಟು ಹೋಗುತ್ತಿದ್ದ ಶಫೀಕ ಅವತ್ತು ಮೊದಲ ಸಲ ಆ ಅಂಗನವಾಡಿಯೊಳಗೆ ಕಾಲಿಟ್ಟಿದ್ದ, ಅದೂ ಸಿಟ್ಟಿನಿಂದ.

ಟೀಚರ್ ಗುಲ್ನಾಜ ಬೋಗುಣಿ ಎಳೆದುಕೊಂಡು ಒಂದೊಂದೇ ತತ್ತಿ ಒಡೆದಳು. ಹತ್ತು... ಇಪ್ಪತ್ತು... ಮೂವತ್ತು!

ಎಲ್ಲವೂ ತಾಜಾ.

“ಮತ್ತ ಮೀನ ಕೊಳತಂಗ ನಾತ ಬರತೈತಿ ಅಂತ ತಾಯಂದ್ರು ಅರ್ಜಿ ಕೊಟ್ಟಾರಲ್ರಿ? ಹದಿನೆಂಟು ಸಹಿ! ನನ್ನ ನೌಕರಿ ಹೋಗತೈತಿ!”

ಶಫೀಕ ಬೋಗುಣಿಗೆ ಬಗ್ಗಿ ಮೂಸಿದ. ವಾಸನೆ ಬೋಗುಣಿಯದಲ್ಲ, ಎದುರು ನಿಂತವಳದು. ಅವಳಿಗೆ ಅದು ಗೊತ್ತೇ ಆಗುತ್ತಿಲ್ಲ...

ಮರುದಿನ ಅವನು ಮೇಲ್ವಿಚಾರಕಿಗೆ ಬರೆದುಕೊಟ್ಟ: ‘ತತ್ತಿ ಕೆಟ್ಟಿದ್ದು ನಿಜ.’ ಅವನ ಪೂರೈಕೆ ರದ್ದಾಯಿತು. ವಾಸನೆ ಮಾತ್ರ ಹೋಗಲಿಲ್ಲ.

ಕೊನೆಗೆ ಸಹಾಯಕಿ ರೇಣುಕವ್ವ ಬಾಯಿಬಿಟ್ಟಳು. “ಸಿಟ್ಟಾಗಬ್ಯಾಡ್ರಿ ಟೀಚರ... ವಾಸನಿ ನಿಮ್ಮ ಮೈದು. ಆ ಹುಡುಗ ನಿಮ್ಮ ಸಲುವಾಗಿ ಸುಳ್ಳ ಬರದಾನ.”

ಗುಲ್ನಾಜಳ ಕಿವಿ ಸುಟ್ಟಂತಾಯಿತು. ದಿನಕ್ಕೆ ಎರಡು ಸಲ ಜಳಕ ಮಾಡುವವಳು! ನೋಡಲು ಬಂದ ಗಂಡಿನ ಕಡೆಯವರು ಚಹಾ ಮುಟ್ಟದೆ ಎದ್ದದ್ದು ಇದಕ್ಕೇನಾ? ಯಾರೂ ಎದುರಿಗೆ ಹೇಳಲಿಲ್ಲವಲ್ಲ!

ಅವಳು ಗದಗಿನ ಬಸ್ಸು ಹತ್ತಿದಳು.

ಡಾಕ್ಟರು ಮೂತ್ರವನ್ನು ದೂರದ ಲ್ಯಾಬಿಗೆ ಕಳಿಸಿದರು. ವರದಿ ಬರಲು ಮೂರು ವಾರ ಹಿಡಿಯಿತು.

“ಕೆಲವು ಆಹಾರ ಕರುಳಿನಲ್ಲಿ ಒಡೆದಾಗ ಮೀನಿನ ವಾಸನೆಯ ಒಂದು ವಸ್ತು ಹುಟ್ಟುತ್ತದೆ. ಯಕೃತ್ತಿನ ಒಂದು ಕಿಣ್ವ ಅದರ ವಾಸನೆ ಕಳೆಯುತ್ತದೆ. ನಿಮ್ಮಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅದಕ್ಕೇ ಆ ವಸ್ತು ಬೆವರಿನಲ್ಲಿ, ಉಸಿರಿನಲ್ಲಿ ಹೊರಬರುತ್ತದೆ. ತತ್ತಿ, ಮೀನು, ಶೇಂಗಾ ಕಡಿಮೆ ಮಾಡಿ. ವಾಸನೆ ತಗ್ಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಇದಕ್ಕೂ ಸ್ವಚ್ಛತೆಗೂ ಸಂಬಂಧವಿಲ್ಲ.”

“ಆ ಕಡೀ ಮಾತು ಬರದು ಕೊಡ್ರಿ,” ಎಂದಳು ಗುಲ್ನಾಜ.

ತಾಯಂದಿರ ಸಭೆಯಲ್ಲಿ, ಮೇಲ್ವಿಚಾರಕಿಯ ಎದುರು, ಆ ಚೀಟಿಯನ್ನು ತಾನೇ ಎದ್ದು ನಿಂತು ಓದಿದಳು. ಸಹಿ ಹಾಕಿದವರು ನೆಲ ನೋಡಿದರು. ಅರ್ಜಿ ಹಿಂದಕ್ಕೆ ಪಡೆದರು.

ಅಲ್ಲಿಂದ ನೆಟ್ಟಗೆ ಶಫೀಕನ ಅಂಗಡಿಗೆ ನಡೆದಳು.

“ಸುಳ್ಳ ಬರಿ ಅಂತ ನಿಮಗ ಯಾರು ಹೇಳಿದ್ರು? ಅದನ್ನ ಹೊಡದ ಹಾಕಿಸಿ ಬಂದೀನಿ. ನಾಳಿಂದ ತತ್ತಿ ನಿಮ್ಮವ!”

“ನಿಮ್ಮ ನೌಕರಿ ಉಳೀಲಿ ಅಂತ...”

“ನನ್ನ ಮುಖಕ್ಕ ಹೇಳಬೇಕಾಗಿತ್ತು! ಎಲ್ಲಾರೂ ಬೆನ್ನ ಹಿಂದ ಮೂಗ ಮುಚ್ಚಿದ್ರು. ನೀವೂ ಅವರಂಗ!”

ಆ ಮಾತು ಅವನಿಗೆ ನಾಟಿತು.

“ಖರೆ ಐತ್ರಿ, ನಂದ ತಪ್ಪು. ಹೇಳಿದ್ರ ನೀವು ಮತ್ತ ನನ್ನ ಕೂಡ ಮಾತಾಡಂಗಿಲ್ಲ ಅಂತ ಅಂಜಿದ್ನಿ. ತತ್ತಿ ತರಾಕ ಆಳ ಇದ್ದಾನ್ರಿ ಟೀಚರ. ನಾಕ ತಿಂಗಳ ನಾನ ಯಾಕ ಹೊತ್ತಕೊಂಡ ಬಂದೆ, ತಿಳೀಲಿಲ್ಲೇನು?”

ಗುಲ್ನಾಜಳ ಸಿಟ್ಟು ಅರ್ಧಕ್ಕೇ ನಿಂತಿತು. ಅಂಗಡಿಯ ಕಟ್ಟೆಯ ಮೇಲೆ ಕುಳಿತಳು.

“ಈ ವಾಸನಿ ಪೂರಾ ಹೋಗದ ಇರಬಹುದಂತ. ಬಂದ ದಿನ ಬಂದೈತಿ ಅಂತ ಹೇಳಾಕ ಧೈರ್ಯ ಐತೇನ್ರಿ?”

“ಐತಿ.”

“ಈಗ ಹೇಳ್ರಿ ನೋಡೂಣು. ಇವತ್ತ ಬರಾಕತ್ತೈತೇನು?”

ಅವನು ಅವಳ ಕಣ್ಣನ್ನೇ ನೋಡಿದ.

“ಬರಾಕತ್ತೈತ್ರಿ... ಸ್ವಲ್ಪ ಸರೀರಿ, ನಾನೂ ಕುಂಡ್ರತೀನಿ.”