ನೀರೋನ ಚಪ್ಪಾಳೆ

ಸ್ವರಶೋಧಕ ಯಂತ್ರ ಮೆಲ್ಲಗೆ ಗುನುಗತೊಡಗಿತು. ಅದರ ಗಾಜಿನ ಗೂಡಿನಲ್ಲಿ ಅಂಗೈಯಗಲದ ಗಾರೆಯ ಚೂರು. ಇಟಲಿಯ ಪಾಳುಬಿದ್ದ ರಂಗಮಂದಿರವೊಂದರದ್ದು. ಗಾರೆ ಹಸಿಯಿದ್ದಾಗ ತಾಗಿದ ದನಿಯ ಕಂಪನಗಳು ಅದು ಆರಿದ ಮೇಲೂ ಅಲ್ಲೇ ಉಳಿಯುತ್ತವೆ. ಯಂತ್ರ ಅವನ್ನು ಪದರಪದರವಾಗಿ ಬಿಡಿಸುತ್ತದೆ.

"ಇಂವ ರೋಮಿನ ನೀರೋ ಚಕ್ರವರ್ತಿ ರೀ, ಅಜ್ಜಾರ," ಎಂದಳು ವಿಜ್ಞಾನಿ ಮಂದಾಕಿನಿ. "ಹೆತ್ತ ತಾಯಿನ್ನ ಕೊಲ್ಲಿಸಿದಾಂವ. ಹಾಡೂ ಮುಂದ ಬಾಗಲಾ ಹಾಕಸ್ತಿದ್ದ. ಹೊರಗ ಹೋಗಾಕ ಕೆಲವರು ಸತ್ತಂಗ ಬಿದ್ದಕೋತಿದ್ರಂತ."

"ಶಾಣ್ಯಾ ಮಂದಿ," ಎಂದರು ಬಸಲಿಂಗ ಗವಾಯಿ.

ದೊರೆಯ ಕಂಠ ನಿಜಕ್ಕೂ ಹೇಗಿತ್ತೆಂದು ತಿಳಿಯಲು ಧಾರವಾಡದ ಈ ವೃದ್ಧ ಗಾಯಕರನ್ನು ಅವಳು ಕರೆಸಿದ್ದಳು. ಮೊದಲು ಕೇಳಿಸಿದ್ದು ಬರೀ ಚಪ್ಪಾಳೆ. ಒಲ್ಲದ ಕೈ ತುಸು ತಡವಾಗಿ ತಟ್ಟುತ್ತದೆ, ಪಕ್ಕದವರನ್ನು ನೋಡಿ ನಿಲ್ಲುತ್ತದೆ. ಅಂಥ ಸುಳ್ಳು ಚಪ್ಪಾಳೆಯನ್ನೆಲ್ಲ ಯಂತ್ರ ಹೆಕ್ಕಿ ಅಳಿಸಿತು. ಉಳಿದದ್ದು ತೆಳ್ಳನೆಯ ಒಂದು ದನಿ. ಹಾಡು ಮುಗಿದ ಮೇಲೆ, ಮೌನದಲ್ಲಿ, ಅವನ ಉಸಿರು.

"ಸುರ ಹಿಡೀತಾನ, ನಿಲ್ಲಸಾಕ ಬರಂಗಿಲ್ಲ," ಎಂದರು ಗವಾಯಿ ಕಣ್ಣುಮುಚ್ಚಿ. "ಅದು ಅವಗೂ ಗೊತ್ತೈತಿ. ಚಪ್ಪಾಳಿಗೆ ಕಾಯಾಕತ್ತಾನ, ಪಾಪ."

ಆಮೇಲೆ ಕಣ್ಣುತೆರೆದು ಹೇಳಿದರು: "ಹ್ವಾದ ತಿಂಗಳ ನನ್ನ ಕಚೇರಿ ಆತಲ್ಲ, ಅದರ ಧ್ವನಿಮುದ್ರಿಕೆನೂ ಹಾಕು. ಬರೂ ಐತವಾರ ಹಾಡಬೇಕೋ ಬ್ಯಾಡೋ ತಿಳೀಲಿ."

"ಅದ್ಯಾಕ ಬಿಡ್ರಿ ಅಜ್ಜಾರ."

"ಹಾಕವ್ವಾ."

ಹಾಕಿದಳು. ನಡುಗುವ ಕಂಠ ಹಾಡಿ ಮುಗಿಸಿತು. ಆಮೇಲೆ ಒಂದು ಚಪ್ಪಾಳೆಯೂ ಇಲ್ಲ. ಅಂದು ಮುಂದಿನ ಸಾಲಿನಲ್ಲಿ ಮಂದಾಕಿನಿಯೂ ಕೈ ತಟ್ಟಿದ್ದಳು. ಯಂತ್ರ ಅವಳನ್ನೂ ಉಳಿಸಿರಲಿಲ್ಲ.

"ನನ್ನ ಕಡೆ ತಲವಾರ ಇರಲಿಲ್ಲಲ್ಲವ್ವಾ," ಎಂದರು ಗವಾಯಿ. "ಯಾಕ ಅಂಜಿದ್ರಿ?"

ಐತವಾರ ಅವರು ಹಾಡಲು ಕೂತದ್ದು ಒಂದೇ ಷರತ್ತಿನ ಮೇಲೆ: ಸಭಾಗೃಹದ ಬಾಗಿಲು ತೆರೆದಿರಬೇಕು, ಬೇಸರವಾದವರು ಎದ್ದು ಹೋಗಬೇಕು. ಬಾಗಿಲು ತೆರೆದದ್ದರಿಂದ ಹೋಗುವವರು ಎಲ್ಲರಿಗೂ ಕಾಣುವಂತಾಯಿತು. ಹೀಗಾಗಿ ಯಾರೂ ಏಳಲಿಲ್ಲ. ಗವಾಯಿ ಕಾದರು. ಕೊನೆಗೆ ಅರ್ಧ ಆಲಾಪದಲ್ಲಿ ತಾವೇ ಎದ್ದು, ಕೈಮುಗಿದು, ಆ ಬಾಗಿಲಿನಿಂದ ಹೊರಟುಹೋದರು.

ಯಾರೋ ಚಪ್ಪಾಳೆ ಶುರುಮಾಡಿದರು. ತುಸು ತಡವಾಗಿ ಎಲ್ಲರೂ ಸೇರಿಕೊಂಡರು. ಖಾಲಿ ವೇದಿಕೆಯ ಮುಂದೆ ಅದು ನಿಲ್ಲಲೇ ಇಲ್ಲ. ಮೊದಲು ನಿಲ್ಲಿಸುವವರು ಯಾರು? ಅಂಗೈ ಉರಿಯುತ್ತಿದ್ದ ಮಂದಾಕಿನಿ ಪಕ್ಕದವರನ್ನು ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು.

ಆ ವಾರವಷ್ಟೇ ಸಭಾಗೃಹದ ಗೋಡೆಗಳಿಗೆ ಹೊಸ ಗಾರೆ ಬಳಿದಿದ್ದರು. ಅದಿನ್ನೂ ಆರಿರಲಿಲ್ಲ.